ಆ ಎರಡು ಮೀಟರ್

ಇವತ್ತು ಸ್ಟುಡಿಯೋಗೆ ಒಂದು ಟೇಪ್ ತಂದಿದ್ದೀನಿ. ಐದು ಮೀಟರ್‌ದು. ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದ್ರೂ ಸಿಗುವ ಮಾಮೂಲಿ ಟೇಪು. ಇವತ್ತು ಪ್ಯಾನೆಲ್ ಇಲ್ಲ, ಆರು ಜನ ಕಿಟಕಿಗಳಲ್ಲಿ ಕೂತು ಒಟ್ಟಿಗೇ ಕಿರುಚಾಡೋದಿಲ್ಲ, ಅದು ಒಂಬತ್ತು ಗಂಟೆಗೆ. ಈಗ ನಾವು ಅಳತೆ ತಗೊಳ್ಳೋಣ.

ಪ್ರಶ್ನೆ ತುಂಬಾ ಸಣ್ಣದು. ಬೆಂಗಳೂರಿನಲ್ಲಿ ಒಬ್ಬ ಮನುಷ್ಯ ಸೈಕಲ್ ತುಳಿದುಕೊಂಡು ಜೀವಸಹಿತ ಮನೆಗೆ ಹೋಗಬೇಕು ಅಂದ್ರೆ ಎಷ್ಟು ಅಗಲದ ಜಾಗ ಬೇಕು? ಜೀವಸಹಿತ ಅಂದೆ, ನೆಮ್ಮದಿಯಾಗಿ ಅನ್ನೋದಕ್ಕೆ ಆಮೇಲೆ ಬರ್ತೀನಿ. ಯಾಕಂದ್ರೆ ಎರಡೂ ಬೇರೆ ಬೇರೆ ಅಳತೆ.

ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಅಷ್ಟು ಓದಿ ನ್ಯೂಸ್ ಓದ್ತಿದ್ದೀಯಲ್ಲ ಅಂತ ನಮ್ಮ ಮನೆಯಲ್ಲಿ ಇವತ್ತಿಗೂ ಕೇಳ್ತಾರೆ. ಆ ನಾಲ್ಕು ವರ್ಷದ ಸಾಲ ಸ್ವಲ್ಪ ಇವತ್ತು ತೀರಿಸ್ತೀನಿ, ಕೇಳಿ.

ಸೈಕಲ್ ಹ್ಯಾಂಡಲ್‌ನ ಅಗಲ ಸುಮಾರು 60 ಸೆಂಟಿಮೀಟರ್. ಸವಾರರ ಭುಜ, ಮೊಣಕೈ ಸೇರಿಸಿದ್ರೆ 75. ಇದು ನಿಂತ ಸೈಕಲ್‌ನ ಲೆಕ್ಕ. ಓಡುವ ಸೈಕಲ್ ನೇರ ಗೆರೆಯಲ್ಲಿ ಹೋಗಲ್ಲ. ಹೋಗೋದಕ್ಕೆ ಸಾಧ್ಯವೇ ಇಲ್ಲ. ಸೈಕಲ್ ಅಂದ್ರೆ ಪ್ರತಿ ಕ್ಷಣವೂ ಬೀಳ್ತಾ ಇರುವ ವಸ್ತು. ಎಡಕ್ಕೆ ವಾಲಿದ್ರೆ ಎಡಕ್ಕೆ ಹ್ಯಾಂಡಲ್ ತಿರುಗಿಸ್ತೀವಿ, ಬಲಕ್ಕೆ ವಾಲಿದ್ರೆ ಬಲಕ್ಕೆ. ಹಾಗೆ ಸರಿಮಾಡ್ತಾ ಸರಿಮಾಡ್ತಾನೇ ಮುಂದೆ ಹೋಗೋದು. ಮರಳಿನ ಮೇಲೆ ಓಡಿಸಿ ಹಿಂದಿರುಗಿ ನೋಡಿದ್ರೆ ಹಾವು ಹರಿದ ಗುರುತು ಕಾಣುತ್ತೆ. ಆ ಓಲಾಟಕ್ಕೆ ಎರಡೂ ಕಡೆ ಸ್ವಲ್ಪ ಸ್ವಲ್ಪ ಸೇರಿಸಿದ್ರೆ ಒಬ್ಬ ಸವಾರನಿಗೆ ಒಂದು ಮೀಟರ್ ಆಯ್ತು. ನೆದರ್‌ಲೆಂಡ್ಸ್ ಇಂಜಿನಿಯರುಗಳೂ ಇದೇ ಲೆಕ್ಕ ಹಾಕ್ತಾರೆ, ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರೂ ಇದೇ ಒಂದು ಮೀಟರ್ ಅಂತಾರೆ.

ಇಲ್ಲೊಂದು ತಮಾಷೆ ಇದೆ. ಸೈಕಲ್ ನಿಧಾನ ಆದಷ್ಟೂ ಓಲಾಟ ಜಾಸ್ತಿ. ವೇಗ ಇದ್ದಾಗ ಸೈಕಲ್ ತಾನಾಗೇ ನೆಟ್ಟಗೆ ನಿಲ್ಲುತ್ತೆ, ನಿಧಾನ ಆದ್ರೆ ತೂರಾಡುತ್ತೆ. ಸಿಗ್ನಲ್ ಹಸಿರಾದ ಮೊದಲ ನಾಲ್ಕು ತುಳಿತ ನೆನಪು ಮಾಡ್ಕೊಳ್ಳಿ. ಹಲಸೂರು ಕೆರೆಯ ಮಗ್ಗುಲಿಂದ ಟ್ರಿನಿಟಿ ಸರ್ಕಲ್ ಕಡೆಗೆ ಏರು ಹತ್ತಿದ್ದು ನೆನಪು ಮಾಡ್ಕೊಳ್ಳಿ. ಕೆರೆ ತಗ್ಗಿನಲ್ಲಿದೆ, ಯಾವ ಕಡೆ ಹೋದ್ರೂ ಏರೇ. ಕಂಟೋನ್ಮೆಂಟಿನ ಭೂಮಿಯೇ ಹಾಗೆ, ಏರು, ಇಳಿವು, ಮತ್ತೆ ಏರು. ಆ ಏರಿನಲ್ಲಿ ಸೀಟು ಬಿಟ್ಟೆದ್ದು ತುಳಿಯುವವನಿಗೆ ಒಂದು ಮೀಟರ್ ಸಾಲಲ್ಲ. ಹಿಂದಿನಿಂದ ಹಾರನ್ ಹೊಡೆಯುವವರಿಗೆ ಅವನು ಬೇಕಂತಲೇ ಅಡ್ಡಾಡ್ತಿದ್ದಾನೆ ಅನ್ಸುತ್ತೆ.

ಇನ್ನೊಂದು ವಿಷಯ. ಪುಸ್ತಕದ ಈ ಒಂದು ಮೀಟರ್ ಖಾಲಿ ಸೈಕಲ್‌ನದು. ಬೆನ್ನಿಗೊಂದು ಲ್ಯಾಪ್‌ಟಾಪ್ ಬ್ಯಾಗ್, ತಲೆಗೊಂದು ಹೆಲ್ಮೆಟ್, ಅಷ್ಟೇ. ನಮ್ಮ ಪೂರ್ವ ಬೆಂಗಳೂರಿನ ಸೈಕಲ್ ಹಾಗಿರುತ್ತಾ? ಬೆಳಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತ ಹೋಗಿ ನಿಂತ್ಕೊಳ್ಳಿ. ಹೂವಿನ ಮಂಕರಿ, ತರಕಾರಿ ಮೂಟೆ, ಬಟ್ಟೆಯ ಥಾನು, ಎರಡೂ ಕಡೆ ನೇತುಹಾಕಿದ ಹಾಲಿನ ಕ್ಯಾನು, ಹಿಂದೆ ಟೀ ಫ್ಲಾಸ್ಕು, ಗ್ಯಾಸ್ ಸಿಲಿಂಡರು. ಮೊನ್ನೆ ನಮ್ಮ ಕ್ಯಾಮೆರಾ ತಂಡ ಹಲಸೂರಿನಲ್ಲಿ ಎಳನೀರು ಮಾರುವ ಯಜಮಾನರೊಬ್ಬರ ಸೈಕಲ್ಲಿಗೆ ಇದೇ ಟೇಪ್ ಹಿಡೀತು. ಎರಡೂ ಮಗ್ಗುಲಿಗೆ ಗೊನೆ ಕಟ್ಟಿದ್ರು. 1 ಮೀಟರ್ 10 ಸೆಂಟಿಮೀಟರ್, ಅದೂ ನಿಂತಿದ್ದಾಗ. ಟೇಪ್ ನೋಡಿದ ಕೂಡಲೇ ಅವರು ಕೇಳಿದ್ದು ಒಂದೇ ಮಾತು: "ಏನ್ ಸಾರ್, ರೋಡ್ ಅಗಲ ಮಾಡ್ತಾರಾ? ನಾವು ಎಲ್ಲಿಗ್ ಹೋಗ್ಬೇಕು?" ಈ ಊರಲ್ಲಿ ಬಡವನ ಮುಂದೆ ಟೇಪ್ ಹಿಡಿದ್ರೆ ಅವನಿಗೆ ತೋಚೋದು ಅದೇ. ಅಳತೆ ಅಂದ್ರೆ ಎತ್ತಂಗಡಿ. ನಿಮಗೆ ಜಾಗ ಕೊಡೋದಕ್ಕೆ ಅಳೀತಿದ್ದೀವಿ ಅಂತ ಹೇಳಿದ್ರೆ ನಕ್ಕುಬಿಟ್ರು.

ಸರಿ, ಈಗ ರಸ್ತೆಗೆ ಇಳಿಯೋಣ. ಹಳೇ ಮದ್ರಾಸ್ ರಸ್ತೆ ಅಂತ ಇಟ್ಕೊಳ್ಳಿ. ಸೈಕಲ್‌ನವರು ಎಡಗಡೆ ಅಂಚಿಗೆ ಅಂಟಿಕೊಂಡು ಹೋಗಬೇಕು ಅಂತ ಎಲ್ಲರೂ ಬುದ್ಧಿ ಹೇಳ್ತಾರೆ. ಅಂಚಲ್ಲಿ ಏನಿದೆ ಅಂತ ಹೇಳೋರು ಇಳಿದು ನೋಡಿರಲ್ಲ. ನಾನು ಹೇಳ್ತೀನಿ. ಮಳೆನೀರು ಹೋಗೋ ಕಂಬಿಯ ಜಾಲರಿ ಇದೆ, ಕೆಲವು ಕಡೆ ಆ ಕಂಬಿಗಳು ರಸ್ತೆಯ ಉದ್ದಕ್ಕೇ ಇವೆ, ಚಕ್ರ ಸಿಕ್ಕಿಕೊಳ್ಳೋದಕ್ಕೆ ಹೇಳಿ ಮಾಡಿಸಿದ ಹಾಗೆ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಅಂಚಲ್ಲಿ ಎರಡು ಮೂರು ಇಂಚಿನ ಮೆಟ್ಟಿಲು ಆಗಿದೆ. ಮರಳು ಕೂತಿದೆ, ಗಾಜಿನ ಚೂರಿದೆ. ಅಂದ್ರೆ ಎಡಗಡೆಯ ಮೊದಲ ಅರ್ಧ ಮೀಟರ್ ರಸ್ತೆ ಅನ್ನೋದು ನಕ್ಷೆಯಲ್ಲಿದೆ, ನೆಲದ ಮೇಲೆ ಇಲ್ಲ.

ಈಗ ಕೂಡಿಸಿ. ಅಂಚಿನ ಅರ್ಧ ಮೀಟರ್. ಆಮೇಲೆ ಸವಾರನ ಮೈ 75 ಸೆಂಟಿಮೀಟರ್. ಅವನ ಪಕ್ಕದಲ್ಲಿ ಹಾದುಹೋಗುವ ವಾಹನಕ್ಕೂ ಅವನಿಗೂ ನಡುವೆ ಕನಿಷ್ಠ ಒಂದು ಮೀಟರ್ ಬಿಡಬೇಕು. ಇದು ನನ್ನ ದಾರಾಳತನ ಅಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯ 2014ರಿಂದ ಇದನ್ನ ಕಾನೂನು ಮಾಡಿದೆ, 60 ಕಿ.ಮೀ. ವೇಗದ ಮಿತಿ ಇರೋ ಕಡೆ ಒಂದು ಮೀಟರ್, ಅದಕ್ಕಿಂತ ಜಾಸ್ತಿ ಇದ್ದರೆ ಒಂದೂವರೆ. ಜರ್ಮನಿ 2020ರಲ್ಲಿ ಊರೊಳಗೆ ಒಂದೂವರೆ, ಹೊರಗೆ ಎರಡು ಮೀಟರ್ ಅಂತ ಬರೆದುಕೊಂಡಿದೆ. ನಾವು ಕಡಿಮೆಯದೇ ಹಿಡಿಯೋಣ, ಒಂದು ಮೀಟರ್. ಆಮೇಲೆ ಬಸ್ಸಿನ ಅಗಲ, 2.6 ಮೀಟರ್. ಒಟ್ಟು ಎಷ್ಟಾಯ್ತು? 4.85. ನನ್ನ ಟೇಪು ಮುಗಿಯೋದಕ್ಕೆ 15 ಸೆಂಟಿಮೀಟರ್ ಬಾಕಿ.

ನಮ್ಮ ನಗರದ ಒಂದು ಲೇನ್ ಎಷ್ಟು ಅಗಲ? ತೀರಾ ಉದಾರವಾಗಿ ಕೊಟ್ಟಿದ್ದರೆ ಮೂರೂವರೆ ಮೀಟರ್.

ಬಸ್ ಬಿಡಿ. 1.7 ಮೀಟರ್ ಅಗಲದ ಕಾರು ತಗೊಳ್ಳಿ: 3.95. ಅದೂ ಹಿಡಿಸಲ್ಲ. 1.3 ಮೀಟರ್‌ನ ಆಟೋ? 3.55. ನಮ್ಮ ಆಟೋ ಅಣ್ಣ ಕೂಡ ಐದು ಸೆಂಟಿಮೀಟರ್ ಆಚೆಗೆ ಹೋದ. ಅರ್ಥ ಆಯ್ತಲ್ಲ? ಸೈಕಲ್ ಸವಾರನಿರುವ ಲೇನಿನೊಳಗೇ ಅವನನ್ನ ಸುರಕ್ಷಿತವಾಗಿ ಹಿಂದೆ ಹಾಕೋದು ಅನ್ನೋದು ಗಣಿತದ ಪ್ರಕಾರ ಇಲ್ಲವೇ ಇಲ್ಲ. ಪಕ್ಕದ ಲೇನಿಗೆ ಹೋಗಿಯೇ ಹಿಂದೆ ಹಾಕಬೇಕು, ಕಾರನ್ನ ಹಿಂದೆ ಹಾಕೋ ಹಾಗೇ. "ಸೈಡಿಗೆ ಹೋಗಯ್ಯಾ" ಅಂತ ಕಿಟಕಿಯಿಂದ ಕೂಗ್ತಾರಲ್ಲ, ಆ ಸೈಡು ಇಲ್ಲ. ಅವನು ಸೈಡಿಗೆ ಹೋದಷ್ಟೂ ಹಿಂದಿನವರಿಗೆ ತೂರಬಹುದು ಅನ್ನೋ ಆಸೆ ಹುಟ್ಟುತ್ತೆ. ಅನುಭವ ಇರುವ ಸವಾರರು ಇಕ್ಕಟ್ಟಿನ ಕಡೆ ಲೇನಿನ ಮಧ್ಯಕ್ಕೇ ಬಂದು ಓಡಿಸ್ತಾರೆ. ಅಹಂಕಾರ ಅಂತ ಬೈಯ್ಕೋತೀವಿ. ಅದು ಜೀವ ಉಳಿಸಿಕೊಳ್ಳೋ ದಾರಿ.

ನಿಲ್ಲಿಸಿರೋ ಕಾರಿನ ಬಾಗಿಲು ಇನ್ನೊಂದು. ಇಂದಿರಾನಗರದ 100 ಅಡಿ ರಸ್ತೆ, ಹೋಟೆಲು, ಶೋರೂಮು, ಸಾಲಾಗಿ ಕಾರು. ಒಂದು ಬಾಗಿಲು ಪೂರ್ತಿ ತೆರೆದ್ರೆ ಹತ್ತಿರ ಹತ್ತಿರ ಒಂದು ಮೀಟರ್ ಹೊರಗೆ ಬರುತ್ತೆ. ಆ ಸಾಲಿನ ಪಕ್ಕದಲ್ಲೇ ಬಿಳಿ ಗೆರೆ ಎಳೆದು ಇದು ಸೈಕಲ್ ದಾರಿ ಅಂದ್ರೆ ಅದು ಬಾಗಿಲಿಗೆ ಗುರಿ ಹಿಡಿದ ದಾರಿ. ಅರ್ಧ ಅಥವಾ ಮುಕ್ಕಾಲು ಮೀಟರ್ ಖಾಲಿ ಬಿಟ್ಟು ಆಮೇಲೆ ಗೆರೆ ಎಳೀಬೇಕು.

ಇದೆಲ್ಲಾ ವಿದೇಶದ ಮಾತು, ನಮ್ಮ ದೇಶಕ್ಕೆ ಆಗಲ್ಲ ಅನ್ನುವವರಿಗೆ ಒಂದು ನಿಮಿಷ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1934ರಿಂದ ಇರೋ ಸಂಸ್ಥೆ, ದೇಶದ ರಸ್ತೆಗಳ ನಿಯಮ ಬರೆಯೋದೇ ಅದರ ಕೆಲಸ. ಸೈಕಲ್ ಪಥಗಳಿಗೆಂದೇ ಅದರ 11ನೇ ಸಂಖ್ಯೆಯ ಸಂಹಿತೆ ಇದೆ. ಮೊದಲು ಬಂದಿದ್ದು 1962ರಲ್ಲಿ, ಪರಿಷ್ಕರಣೆ ಆಗಿದ್ದು 2015ರಲ್ಲಿ. ಇಸವಿ ಗಮನಿಸಿ, 1962. ಆಗಲೇ ಬರೆದಿದ್ದಾರೆ, ಸೈಕಲ್ ಪಥ ಕನಿಷ್ಠ ಎರಡು ಮೀಟರ್ ಇರಬೇಕು, ಒಬ್ಬರನ್ನೊಬ್ಬರು ಹಿಂದೆ ಹಾಕೋ ಸೌಕರ್ಯ ಬೇಕು ಅಂದ್ರೆ ಮೂರು ಮೀಟರ್. ಯಾವ ರಸ್ತೆಗೆ ಪಥ ಬೇಕು ಅನ್ನೋದನ್ನೂ ಬರೆದಿದ್ದಾರೆ. ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನ ಓಡಾಡುವ ರಸ್ತೆಯಲ್ಲಿ ಪೀಕ್ ಅವರ್‌ನಲ್ಲಿ ಬರೀ 100 ಸೈಕಲ್ ಇದ್ದರೂ ಪ್ರತ್ಯೇಕ ಪಥ ಮಾಡಬಹುದು ಅಂತ. 200 ವಾಹನ! ಟಿನ್ ಫ್ಯಾಕ್ಟರಿ ಹತ್ತಿರ ನಿಂತು ಎಣಿಸೋಕೆ ಶುರು ಮಾಡಿದ್ರೆ ಒಂದು ಗಂಟೆ ಬೇಡ, ಒಂದು ಕಾಫಿ ಮುಗಿಯೋದರೊಳಗೆ ಆ ಸಂಖ್ಯೆ ದಾಟುತ್ತೆ.

ಈ ಸಾಲುಗಳನ್ನ ಸಿವಿಲ್ ಓದಿದ ಪ್ರತಿಯೊಬ್ಬರೂ ಪರೀಕ್ಷೆಗೆ ಬಾಯಿಪಾಠ ಮಾಡಿರ್ತಾರೆ. ಖನ್ನಾ ಮತ್ತು ಜಸ್ಟೊ ಬರೆದ ಹೈವೇ ಇಂಜಿನಿಯರಿಂಗ್ ಪುಸ್ತಕ ದೇಶಕ್ಕೆಲ್ಲ ಪಠ್ಯ. ಅದರಲ್ಲಿ ಸಿ.ಇ.ಜಿ. ಜಸ್ಟೊ ಅವರು ನಮ್ಮ ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರಾಗಿದ್ದವರು. ಅಂದ್ರೆ ದೇಶಕ್ಕೆ ರಸ್ತೆ ಪಾಠ ಹೇಳಿದ್ದು ಈ ಊರು. ಟೆಂಡರ್ ಬರೆಯೋ ಇಂಜಿನಿಯರಿಗೆ ಎರಡು ಮೀಟರ್ ಗೊತ್ತಿಲ್ಲ ಅಂತ ನಾನಂತೂ ನಂಬಲ್ಲ. ಗೊತ್ತಿದೆ. ಟ್ರಾಫಿಕ್ ಜಾಸ್ತಿ ಆಗಿದೆ, ಇನ್ನೊಂದು ಲೇನ್ ತೆಗೀರಿ ಅಂದಾಗ ಮೊದಲು ಹೋಗೋದು ಅದೇ ಎರಡು ಮೀಟರ್.

ಹಾಗೆ ಹೋಗಿದ್ದಕ್ಕೆ ನಮ್ಮ ಕಣ್ಣೆದುರಿಗೇ ಸಾಕ್ಷಿ ಇದೆ. ಹೊರವರ್ತುಲ ರಸ್ತೆ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಲೌರಿ ಜಂಕ್ಷನ್‌ವರೆಗೆ, ಸುಮಾರು 17 ಕಿ.ಮೀ. 2019ರಲ್ಲಿ ಅಲ್ಲಿ ಬಸ್ಸಿಗೆ ಅಂತ ಒಂದು ಲೇನ್ ಬಿಟ್ಟರು. 2020ರಲ್ಲಿ ಕೊರೊನಾ ಬಂತು, ರಸ್ತೆ ಖಾಲಿ ಆಯ್ತು, ಬಸ್ ಹತ್ತೋಕೆ ಜನ ಹೆದರಿದ್ರು, ಅಂಗಡೀಲಿ ಸೈಕಲ್ ಸ್ಟಾಕ್ ಮುಗಿದುಹೋಯ್ತು. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ ಸೈಕಲ್ಸ್ ಫಾರ್ ಚೇಂಜ್ ಅನ್ನೋ ಸ್ಪರ್ಧೆ ಇಟ್ಟಿತು. ನಮ್ಮ ನಗರ ಭೂ ಸಾರಿಗೆ ನಿರ್ದೇಶನಾಲಯ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಪಾಪ್-ಅಪ್ ಸೈಕಲ್ ಲೇನ್ ಮಾಡಿತು. ಪಾಪ್-ಅಪ್ ಅಂದ್ರೆ ತಾತ್ಕಾಲಿಕ, ಬೇಗ ಎದ್ದು ನಿಲ್ಲುವಂಥದ್ದು. ಬೇಗ ಎದ್ದಿದ್ದು ಬೇಗ ಮಲಗಿಬಿಡ್ತು. ಲಾಕ್‌ಡೌನ್ ಸಡಿಲವಾದ ಕೂಡಲೇ ಬೈಕುಗಳು ನುಗ್ಗಿದವು, ಆಟೋ ನಿಂತವು, ಕಂಬ ಒಂದೊಂದೇ ಮುರಿದವು. ಆಮೇಲೆ ಮೆಟ್ರೊ ನೀಲಿ ಮಾರ್ಗದ ಕಾಮಗಾರಿ ಬಂತು, ಬ್ಯಾರಿಕೇಡ್ ಬಂತು, ಉಳಿದಿದ್ದೂ ಹೋಯ್ತು. 2021ರ ಜುಲೈನಲ್ಲಿ ಆ ಸ್ಪರ್ಧೆಯಲ್ಲಿ ಗೆದ್ದ 11 ನಗರಗಳ ಪಟ್ಟಿ ಪ್ರಕಟವಾಯ್ತು. ಬೆಂಗಳೂರೂ ಅದರಲ್ಲಿದೆ. ಪ್ರಶಸ್ತಿ ಇದೆ, ಲೇನ್ ಇಲ್ಲ.

ಮೆಟ್ರೊ ಬೇಡ ಅಂತ ನಾನು ಹೇಳ್ತಿಲ್ಲ. ಮೆಟ್ರೊ ಇನ್ನೂ ಹತ್ತು ವರ್ಷ ಮುಂಚೆ ಬರಬೇಕಾಗಿತ್ತು. ಆದ್ರೆ ರಸ್ತೆಗೆ ಏನೇ ಕೆಲಸ ಬರಲಿ, ಕೇಬಲ್ಲೋ, ಪೈಪೋ, ಪಿಲ್ಲರ್ರೋ, ಮೊದಲು ಮಾಯ ಆಗೋದು ಫುಟ್‌ಪಾತು ಮತ್ತು ಸೈಕಲ್ ದಾರಿ, ಕೊನೆಗೆ ವಾಪಸ್ ಬರೋದೂ ಅವೇ. ಬಂದರೆ.

ಇನ್ನೊಂದು ಪ್ರಯೋಗ ಕಂಟೋನ್ಮೆಂಟಿನದು. ಟೆಂಡರ್‌ಶ್ಯೂರ್ ರಸ್ತೆಗಳು, ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ಹೀಗೆ. ನಾನು ಇವನ್ನ ಮೆಚ್ಚುತ್ತೀನಿ. ನಡೆಯೋರಿಗೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೇ ಫುಟ್‌ಪಾತ್ ಕಡಿಮೆ. ರೆಸಿಡೆನ್ಸಿ ರಸ್ತೆಯಲ್ಲಿ ಫುಟ್‌ಪಾತಿನ ಮಟ್ಟಕ್ಕೇ ಸೈಕಲ್ ದಾರಿಯೂ ಇತ್ತು. ಮಟ್ಟ ಒಂದೇ ಆದ ಮೇಲೆ ಸ್ಕೂಟರ್ ಹತ್ತಿತು. ಸ್ಕೂಟರ್ ತಡೆಯೋಕೆ ಗೂಟ ನೆಡೋದು ನಮ್ಮ ಮಾಮೂಲಿ ಮದ್ದು. ಇಲ್ಲೂ ಟೇಪ್ ಹಿಡೀರಿ. ಸ್ಕೂಟರ್ ಹ್ಯಾಂಡಲ್ ಸುಮಾರು 70 ಸೆಂಟಿಮೀಟರ್, ಸೈಕಲ್ ಹ್ಯಾಂಡಲ್ 60. ಹತ್ತು ಸೆಂಟಿಮೀಟರ್ ವ್ಯತ್ಯಾಸದಲ್ಲಿ ಒಂದನ್ನ ಬಿಟ್ಟು ಒಂದನ್ನ ತಡೆಯೋ ಗೂಟ ಇವತ್ತಿನವರೆಗೂ ಯಾರೂ ಕಂಡುಹಿಡಿದಿಲ್ಲ. ಸ್ಕೂಟರ್ ತಡೆದ್ರೆ ಎಳನೀರಿನ ಯಜಮಾನ್ರೂ ಹೊರಗೆ, ವೀಲ್‌ಚೇರೂ ಹೊರಗೆ. ಕಲ್ಲು, ಕಬ್ಬಿಣದಿಂದ ಆಗದ ಕೆಲಸ ಇದು. ದಂಡದಿಂದಲೇ ಆಗಬೇಕು. ಸಿಗ್ನಲ್ ಜಂಪ್ ಮಾಡಿದ್ರೆ ಕ್ಯಾಮೆರಾ ಫೋಟೊ ಹಿಡಿದು ಮೊಬೈಲಿಗೆ ಕಳಿಸುತ್ತೆ, ಅದೇ ಕ್ಯಾಮೆರಾ ಸೈಕಲ್ ದಾರಿಯಲ್ಲಿ ಸ್ಕೂಟರ್ ಕಂಡರೆ ಯಾಕೆ ಕಣ್ಣು ಮುಚ್ಚಬೇಕು?

ಹಾಗಂತ ಎಲ್ಲಾ ರಸ್ತೆಗೂ ಎರಡು ಮೀಟರ್ ಕೊಡಿ ಅಂದ್ರೆ ಅದು ತಲೆಯಿಲ್ಲದ ಮಾತು. ಶಿವಾಜಿನಗರದ ಗಲ್ಲಿಗಳಲ್ಲಿ ಎಲ್ಲಿಂದ ತರೋದು? ಹಲಸೂರಿನ ಸೋಮೇಶ್ವರ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ? ಅಲ್ಲಿ ಬೇಕಾಗೂ ಇಲ್ಲ. ಅಲ್ಲಿ ಆಟೋ, ಸ್ಕೂಟರ್, ತಳ್ಳುಗಾಡಿ, ಮೇಕೆ, ಮದುವೆ ಮೆರವಣಿಗೆ, ಎಲ್ಲವೂ ಒಂದೇ ವೇಗದಲ್ಲಿ ಹೋಗುತ್ತೆ, ಅಂದ್ರೆ ನಡಿಗೆಗಿಂತ ಸ್ವಲ್ಪ ಜಾಸ್ತಿ. ಜಾಗ ಅನ್ನೋದು ವೇಗಕ್ಕೆ ಅಂಟಿಕೊಂಡಿರೋ ಲೆಕ್ಕ. ವೇಗ ಇಲ್ಲದ ಕಡೆ ಜಾಗ ಕಡಿಮೆ ಸಾಕು. ಗುದ್ದಿದಾಗಿನ ಶಕ್ತಿ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, ಪಿಯುಸಿ ಫಿಸಿಕ್ಸು. 30ರಲ್ಲಿ ಬರೋ ಕಾರಿಗಿಂತ 50ರಲ್ಲಿ ಬರೋ ಅದೇ ಕಾರಿನ ಶಕ್ತಿ ಹೆಚ್ಚುಕಡಿಮೆ ಮೂರು ಪಟ್ಟು. ಗಲ್ಲಿಗಳಲ್ಲಿ 30 ದಾಟದ ಹಾಗೆ ಹಂಪ್ ಹಾಕಿ, ಗೆರೆ ಬಳಿಯೋ ದುಡ್ಡು ಉಳಿಸಿ. ಪಥ ಬೇಕಾಗಿರೋದು ವೇಗ ಇರುವ ಕಡೆ, ಹಳೇ ಮದ್ರಾಸ್ ರಸ್ತೆ, ಹೊರವರ್ತುಲ ರಸ್ತೆ, ಇಂದಿರಾನಗರದ 100 ಅಡಿ.

ಆ 100 ಅಡಿಯ ಮೇಲೇ ಒಂದು ಲೆಕ್ಕ ಹಾಕೋಣ, ಯಾಕಂದ್ರೆ ಜಾಗ ಇಲ್ಲ ಅನ್ನೋ ಮಾತು ಅಲ್ಲೂ ಕೇಳಿಬರುತ್ತೆ. ಹೆಸರಿಗೆ ತಕ್ಕಂತೆ 100 ಅಡಿ ಇದೆ ಅಂತ ಇಟ್ಕೊಂಡ್ರೆ 30 ಮೀಟರ್ 48 ಸೆಂಟಿಮೀಟರ್. ಎರಡೂ ಕಡೆ ಮೂರು ಮೂರು ಮೀಟರ್ ಫುಟ್‌ಪಾತ್ ಕೊಡಿ, ಆರು ಹೋಯ್ತು. ಎರಡೂ ಕಡೆ ಎರಡೆರಡು ಮೀಟರ್ ಸೈಕಲ್ ಪಥ, ನಾಲ್ಕು. ಬಾಗಿಲು ತೆರೆಯೋಕೆ ಅಂತ ಅರ್ಧ ಅರ್ಧ ಮೀಟರ್, ಒಂದು. ಮಧ್ಯದ ವಿಭಜಕ ಒಂದು. ಆ ಕಡೆ ಎರಡು, ಈ ಕಡೆ ಎರಡು ಲೇನ್, ಒಂದೊಂದು ಮೂರೂಕಾಲು ಮೀಟರ್, ಒಟ್ಟು 13. ಎಲ್ಲಾ ಕಳೆದು ಇನ್ನೂ ಐದೂವರೆ ಮೀಟರ್ ಮಿಗುತ್ತೆ. ಎರಡೂ ಕಡೆ ಕಾರು ನಿಲ್ಲಿಸೋಕೆ ಜಾಗ ಕೊಟ್ಟು ಒಂದು ಮೀಟರ್ ಉಳಿಸಿ ಮರ ನೆಡಬಹುದು! ಜಾಗ ಇದೆ ಸ್ವಾಮಿ. ಅದನ್ನ ಯಾರಿಗೆ ಕೊಟ್ಟಿದ್ದೀವಿ ಅನ್ನೋದೇ ಪ್ರಶ್ನೆ. ಸಿ.ಎಂ.ಎಚ್. ರಸ್ತೆಯ ಕಥೆ ಬೇರೆ, ಅಲ್ಲಿ ಮೆಟ್ರೊ ಕಂಬ ಮಧ್ಯದಲ್ಲಿ ಕೂತಿದೆ, ನಿಜವಾಗಿಯೂ ಇಕ್ಕಟ್ಟು. ಅಲ್ಲಿ ಸೈಕಲ್‌ಗೆ ಒಳಗಿನ ಕ್ರಾಸ್‌ಗಳೇ ದಾರಿ.

ನೆಮ್ಮದಿ ವಿಷಯಕ್ಕೆ ಬರ್ತೀನಿ ಅಂದಿದ್ದೆ. ಒಂದು ಮೀಟರ್ ಪಥ ಕೊಟ್ಟರೆ ಒಬ್ಬ ಗಟ್ಟಿಗ ಹುಡುಗ ಬದುಕಿ ಹೋಗ್ತಾನೆ. ಹಿಂದಿನಿಂದ ಬಂದವರು ಅವನನ್ನ ದಾಟೋಕಾಗಲ್ಲ, ಎದುರಿಗೆ ಗುಂಡಿ ಬಂದ್ರೆ ತಪ್ಪಿಸೋಕಾಗಲ್ಲ, ಆದ್ರೂ ಹೋಗ್ತಾನೆ. ಎರಡು ಮೀಟರ್ ಕೊಟ್ಟರೆ ತಾಯಿ ಮಗಳು ಅಕ್ಕಪಕ್ಕ ಮಾತಾಡಿಕೊಂಡು ಹೋಗಬಹುದು. ತಾಯಿ ರಸ್ತೆ ಕಡೆಗೆ, ಮಗಳು ಒಳಗಡೆಗೆ. ನಮ್ಮ ಸರ್ಕಾರ 2006-07ರಿಂದ ಎಷ್ಟೋ ವರ್ಷ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿತು. ಹಳ್ಳಿಯ ಹೆಣ್ಣುಮಕ್ಕಳು ಅದನ್ನೇ ಹತ್ತಿ ಹೈಸ್ಕೂಲ್ ಮುಗಿಸಿದ್ರು, ಅದು ಸಣ್ಣ ಸಾಧನೆ ಅಲ್ಲ. ಕೆ.ಆರ್. ಪುರದ ಒಬ್ಬ ಹೆಣ್ಣುಮಗುವಿಗೆ ಇವತ್ತು ಸೈಕಲ್ ಕೊಟ್ಟು ತೂಗುಸೇತುವೆ ದಾಟಿ ಶಾಲೆಗೆ ಹೋಗಮ್ಮ ಅಂತ ಯಾವ ತಂದೆ ಹೇಳ್ತಾರೆ? ನಾನಂತೂ ಹೇಳಲ್ಲ.

"ಸೈಕಲ್ ಓಡಿಸೋರು ಎಲ್ಲಿದ್ದಾರೆ, ಖಾಲಿ ಲೇನ್ ಯಾಕೆ?" ಪ್ರತಿ ಸಲ ಈ ವಿಷಯ ಎತ್ತಿದಾಗ ಬರೋ ಮೊದಲ ಮೆಸೇಜು ಇದು. ಓಡಿಸೋರು ಇದ್ರು. ಹಿರಿಯ ವೀಕ್ಷಕರನ್ನ ಕೇಳಿ. ದೂರವಾಣಿನಗರದ ಐಟಿಐ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಆ ಕಡೆ ಎಚ್‌ಎಎಲ್. ಶಿಫ್ಟ್ ಬಿಟ್ಟಾಗ ಹಳೇ ಮದ್ರಾಸ್ ರಸ್ತೆ ತುಂಬಾ ಸೈಕಲ್ಲೇ ಹರೀತಿತ್ತು ಅಂತ ಹೇಳ್ತಾರೆ. ಈಗಲೂ ಇದ್ದಾರೆ, ನಮ್ಮ ಕಣ್ಣಿಗೆ ಬೀಳಲ್ಲ, ಯಾಕಂದ್ರೆ ನಾವು ಏಳೋ ಹೊತ್ತಿಗೆ ಅವರು ಕೆಲಸದಲ್ಲಿರ್ತಾರೆ. ಪೇಪರ್ ಹಾಕೋ ಹುಡುಗ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಮಹದೇವಪುರ ವೈಟ್‌ಫೀಲ್ಡ್ ಕಡೆ ಕಟ್ಟಡ ಕಟ್ಟೋಕೆ ಉತ್ತರದಿಂದ ಬಂದವರು, ರಾತ್ರಿ ಪಾಳಿ ಮುಗಿಸಿದವರು. ಅವರ ಸೈಕಲ್ಲಿಗೆ ಹಿಂದೆ ಕೆಂಪು ದೀಪ ಕೂಡ ಇರಲ್ಲ. ಈ ನಗರದಲ್ಲಿ ಒಂದು ಕೋಟಿ ದಾಟಿದ ವಾಹನಗಳ ಲೆಕ್ಕ ಇದೆ, ಯಾಕಂದ್ರೆ ಅವು ನೋಂದಣಿ ಆಗ್ತವೆ, ತೆರಿಗೆ ಕಟ್ತವೆ. ಸೈಕಲ್ಲಿಗೆ ನಂಬರ್ ಪ್ಲೇಟ್ ಇಲ್ಲ, ಹಾಗಾಗಿ ಲೆಕ್ಕದಲ್ಲೂ ಇಲ್ಲ. ಸತ್ತಾಗ ಮಾತ್ರ ಲೆಕ್ಕಕ್ಕೆ ಸಿಗ್ತಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು.

ಖಾಲಿ ಲೇನ್ ಅನ್ನೋದಕ್ಕೆ ಇನ್ನೊಂದು ಮಾತು. 2011ರ ಅಕ್ಟೋಬರ್‌ನಲ್ಲಿ ನಮ್ಮ ಮೆಟ್ರೊ ಶುರುವಾದಾಗ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿ ತನಕ, ಏಳು ಕಿಲೋಮೀಟರೂ ಇರಲಿಲ್ಲ. ಮಕ್ಕಳನ್ನ ಕೂರಿಸಿಕೊಂಡು ಒಂದು ರೌಂಡ್ ಹೋಗಿ ಬರೋ ರೈಲು ಅಂತ ಎಲ್ಲರೂ ಆಡಿಕೊಂಡ್ರು. ಇವತ್ತು ಅದೇ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಇದೆ, ಬೆಳಗ್ಗೆ ಒಳಗೆ ಕಾಲಿಡೋಕೆ ಜಾಗ ಇಲ್ಲ. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಆ ಚಿಕ್ಕ ತುಂಡು 2023ರ ಅಕ್ಟೋಬರ್‌ನಲ್ಲಿ ಕೂಡಿಕೊಳ್ಳೋ ತನಕ ಜನ ಎಷ್ಟು ಒದ್ದಾಡಿದ್ರು, ಕೂಡಿಕೊಂಡ ಮೇಲೆ ಎಷ್ಟು ಹಗುರ ಆಯ್ತು, ಈ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಸೈಕಲ್ ದಾರಿಯೂ ಹಾಗೇ. ಇಲ್ಲೊಂದು 400 ಮೀಟರ್, ಅಲ್ಲೊಂದು 600 ಮೀಟರ್ ಮಾಡಿ ಯಾರೂ ಬರ್ತಿಲ್ಲ ಅಂದ್ರೆ ಬರೋದಿಲ್ಲ. ಜಯನಗರದಲ್ಲಿ 2012ರಲ್ಲೇ ಪಥ ಮಾಡಿದ್ರು, ಅದು ಕಾರ್ ನಿಲ್ಲಿಸೋ ಜಾಗ ಆಯ್ತು. ನೆದರ್‌ಲೆಂಡ್ಸ್ ಕೂಡ ಹುಟ್ಟಿದಾಗಲೇ ನೆದರ್‌ಲೆಂಡ್ಸ್ ಆಗಿರಲಿಲ್ಲ. 1971ರಲ್ಲಿ ಅಲ್ಲಿ ಒಂದೇ ವರ್ಷದಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತರು. ಅಪ್ಪ ಅಮ್ಮಂದಿರು ಮಕ್ಕಳ ಕೊಲೆ ನಿಲ್ಲಿಸಿ ಅಂತ ಬೀದಿಗೆ ಇಳಿದ್ರು. ಆಮೇಲೆ ಬಂದಿದ್ದು ಆ ದಾರಿಗಳು.

ಈಗ ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ ಒಂದು ಕಾರಣ ಇದೆ. ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕೆಲಸ ಮುಗಿದ ಮೇಲೆ ಬ್ಯಾರಿಕೇಡ್ ತೆಗೀತಾರೆ, ಸರ್ವಿಸ್ ರಸ್ತೆ, ಚರಂಡಿ, ಫುಟ್‌ಪಾತ್ ಎಲ್ಲಾ ಹೊಸದಾಗಿ ಹಾಕಲೇಬೇಕು. ರಸ್ತೆ ಒಂದು ಸಲ ಹಾಕಿದ್ರೆ ಅದರ ಅಂಚಿನ ಕಲ್ಲು ಇಪ್ಪತ್ತು ಮೂವತ್ತು ವರ್ಷ ಕದಲಲ್ಲ. ಅಂದ್ರೆ ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡ್‌ವರೆಗೆ ಎರಡು ಮೀಟರ್ ಇರುತ್ತಾ ಇಲ್ಲವಾ ಅನ್ನೋದು ಒಂದು ಡ್ರಾಯಿಂಗ್ ಹಾಳೆಯ ಮೇಲೆ ತೀರ್ಮಾನ ಆಗುತ್ತೆ. ರಸ್ತೆಯನ್ನ ಕತ್ತರಿಸಿದ ಹಾಗೆ ಅಡ್ಡಡ್ಡ ತೋರಿಸೋ ಚಿತ್ರ, ಇಂಜಿನಿಯರುಗಳು ಕ್ರಾಸ್ ಸೆಕ್ಷನ್ ಅಂತಾರೆ. ನಡೆಯೋರಿಗೆ, ಸೈಕಲ್‌ನವರಿಗೆ ಹಕ್ಕು ಕೊಡೋ ಸಕ್ರಿಯ ಸಂಚಾರ ಮಸೂದೆಯ ಕರಡನ್ನ ಇದೇ ನಿರ್ದೇಶನಾಲಯ 2021-22ರಲ್ಲಿ ಸಿದ್ಧ ಮಾಡಿತ್ತು. ಅದು ಕರಡಾಗಿಯೇ ಉಳಿದಿದೆ. ಕಾನೂನು ಬರೋ ತನಕ ಆ ಹಾಳೆಯೇ ಗತಿ.

ಆ ಹಾಳೆ ನೋಡೋಕೆ ಇಂಜಿನಿಯರ್ ಆಗಬೇಕಾಗಿಲ್ಲ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ ಅರ್ಜಿ ಹಾಕಿದ್ರೆ ಕೊಡಬೇಕು. ನಾವೂ ಹಾಕ್ತೀವಿ. ಸಿಕ್ಕಿದಾಗ ಎಡಗಡೆಯಿಂದ ಓದಿ. ಮೊದಲು ಫುಟ್‌ಪಾತ್ ಎಷ್ಟು ಅಂತ ಬರೆದಿದೆ ನೋಡಿ. ಅದರ ಪಕ್ಕದಲ್ಲಿ ಸೈಕಲ್ ಅಂತ ಇದೆಯಾ? ಇದ್ರೆ 2.0 ಅಂತ ಇದೆಯಾ, 1.2 ಅಂತ ಇದೆಯಾ? ಬಸ್ ನಿಲ್ದಾಣ ಬಂದ ಕಡೆ ಆ ಪಥ ನಿಲ್ದಾಣದ ಹಿಂದೆ ಸುತ್ತಿ ಹೋಗುತ್ತಾ, ಇಲ್ಲ ಬಸ್ಸಿನ ಬಾಗಿಲ ಮುಂದೆಯೇ ಕೊನೆಯಾಗುತ್ತಾ? ಫ್ಲೈಓವರ್ ಇಳಿಯೋ ಕಡೆ, ಸರ್ವಿಸ್ ರಸ್ತೆ ಸೇರೋ ಕಡೆ, ಟಿನ್ ಫ್ಯಾಕ್ಟರಿ ತಿರುವಿನಲ್ಲಿ ಏನಾಗುತ್ತೆ? ಅಲ್ಲಿ ಪಥ ಚುಕ್ಕಿ ಚುಕ್ಕಿ ಗೆರೆಯಾಗಿ ಮಾಯವಾಗಿದ್ರೆ ಅದನ್ನ ಫೋಟೊ ತೆಗೆದು ನಮಗೆ ಕಳಿಸಿ, ನಂಬರ್ ಸ್ಕ್ರೀನ್ ಮೇಲಿದೆ. ಮುಂದಿನ ವಾರ ಸಂಬಂಧಪಟ್ಟ ಇಲಾಖೆಯ ಇಂಜಿನಿಯರುಗಳನ್ನ ಇಲ್ಲಿಗೇ ಕರೆದಿದ್ದೀವಿ. ಬರ್ತೀವಿ ಅಂದಿದ್ದಾರೆ. ಟೇಪ್ ಟೇಬಲ್ ಮೇಲೇ ಇರುತ್ತೆ.